ವಿಂಡೋಸ್ ಬಿಟ್ಟು ಲಿನಕ್ಸ್‌ಗೆ: ಹಳೆಯ ಲ್ಯಾಪ್‌ಟಾಪ್ ಗುಜರಿಗೆ ಹಾಕುವ ಮೊದಲು

2025ರ ದೀಪಾವಳಿಗೆ ಊರಿಗೆ ಹೋದಾಗ ಕಾಫಿಗಿಂತ ಮೊದಲು ನನ್ನ ಕೈಗೆ ಬಂದದ್ದು ಅತ್ತಿಗೆಯ ಲ್ಯಾಪ್‌ಟಾಪ್. "ಏನಪ್ಪಾ, ಇದು ಸತ್ತು ಹೋಗುತ್ತಂತೆ? ತೆಗೆದರೆ ಸಾಕು, ಅದೇ ನೋಟೀಸ್ ತೋರಿಸುತ್ತೆ" ಅಂದರು. ಅವರು ಹೈಸ್ಕೂಲ್ ಟೀಚರ್. ಲ್ಯಾಪ್‌ಟಾಪ್ 2016ರದ್ದು. 4 ಜಿಬಿ ರ‍್ಯಾಮ್, ಒಳಗೆ ಗುರ್ ಅನ್ನುವ ಹಳೆಯ ಹಾರ್ಡ್ ಡಿಸ್ಕ್. ಪ್ರಶ್ನೆಪತ್ರಿಕೆ, ಅಂಕಪಟ್ಟಿ, ವಾಟ್ಸಾಪ್, ಯೂಟ್ಯೂಬ್ ಎಲ್ಲ ಅದರಲ್ಲೇ ನಡೆಯುತ್ತಿತ್ತು. ನಿಧಾನ ಅನ್ನುವುದು ಬಿಟ್ಟರೆ ಬೇರೆ ದೂರು ಇರಲಿಲ್ಲ.

ಇಂಥ ಲ್ಯಾಪ್‌ಟಾಪ್ ನಮ್ಮಲ್ಲಿ ಮನೆಗೊಂದು ಇದೆ ಅಂದರೂ ತಪ್ಪಾಗದು. ಅದನ್ನು ಗುಜರಿಗೆ ಹಾಕಬೇಕಾ, ಹೊಸದು ಕೊಳ್ಳಬೇಕಾ, ಅಥವಾ ಯಾರೋ ಹೇಳಿದರಲ್ಲ, "ಲಿನಕ್ಸ್ ಹಾಕಿಸು" ಅಂತ, ಅದು ಏನು? ಅತ್ತಿಗೆಗೆ ಮೂರು ದಿನ ಕೂತು ವಿವರಿಸಿದ್ದನ್ನೇ ಇಲ್ಲಿ ಬರೆದಿದ್ದೇನೆ.

ಅಕ್ಟೋಬರ್ 14ರಂದು ಆದದ್ದೇನು

ವಿಂಡೋಸ್ 10 ಬಂದದ್ದು 2015ರ ಜುಲೈನಲ್ಲಿ. 2025ರ ಅಕ್ಟೋಬರ್ 14ಕ್ಕೆ ಅದರ ಬೆಂಬಲವನ್ನು ಮೈಕ್ರೋಸಾಫ್ಟ್ ನಿಲ್ಲಿಸಿತು. ಬೆಂಬಲ ನಿಂತಿತು ಎಂದರೆ ಲ್ಯಾಪ್‌ಟಾಪ್ ಆಫ್ ಆಗುತ್ತದೆ ಎಂದಲ್ಲ. ಅದು ನಿನ್ನೆ ಹೇಗಿತ್ತೋ ಇವತ್ತೂ ಹಾಗೇ ಓಡುತ್ತದೆ. ನಿಂತದ್ದು ಪ್ರತಿ ತಿಂಗಳು ಬರುತ್ತಿದ್ದ ಸೆಕ್ಯುರಿಟಿ ಅಪ್‌ಡೇಟ್.

ಇದು ಯಾಕೆ ಮುಖ್ಯ? ಮನೆಯ ಬಾಗಿಲಿಗೆ ಒಂದು ಬೀಗ ಇದೆ ಅಂದುಕೊಳ್ಳಿ. ಕಳ್ಳರು ಆಗಾಗ ಆ ಬೀಗಕ್ಕೆ ಹೊಸ ಕಳ್ಳಕೀಲಿ ಮಾಡುತ್ತಿರುತ್ತಾರೆ. ಸುದ್ದಿ ತಿಳಿದ ಕೂಡಲೇ ಬೀಗದವನು ಬಂದು ಒಳಗಿನ ಭಾಗ ಬದಲಿಸಿ ಹೋಗುತ್ತಿದ್ದ, ಅದೂ ಬಿಟ್ಟಿಯಾಗಿ. ಈಗ ಅವನು ಬರುವುದಿಲ್ಲ. ಬೀಗ ಇನ್ನೂ ಬೀಳುತ್ತದೆ, ತೆಗೆಯುತ್ತದೆ. ಆದರೆ ಇನ್ನು ಮುಂದೆ ಮಾಡಿದ ಕಳ್ಳಕೀಲಿಗಳೆಲ್ಲ ಅದಕ್ಕೆ ಹೊಂದುತ್ತವೆ. ಬ್ಯಾಂಕ್ ವ್ಯವಹಾರ ಮಾಡುವ ಲ್ಯಾಪ್‌ಟಾಪ್ ಆದರೆ ಇದು ಸಣ್ಣ ಮಾತಲ್ಲ.

ಒಂದು ವಿನಾಯಿತಿ ಇದೆ. ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಿ, ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ಮನೆಬಳಕೆಯ ವಿಂಡೋಸ್ 10ಕ್ಕೆ 2026ರ ಅಕ್ಟೋಬರ್ 13ರವರೆಗೆ ದುಡ್ಡು ಕೊಡದೆಯೇ ಸೆಕ್ಯುರಿಟಿ ಅಪ್‌ಡೇಟ್ ಸಿಗುವ ವ್ಯವಸ್ಥೆ ಅದು. ಯೋಚಿಸಲು ಸಮಯ ಬೇಕಾದವರಿಗೆ ಒಂದು ವರ್ಷದ ಗಡುವು ಅನ್ನಿ.

ವಿಂಡೋಸ್ 11 ಹಾಕಿಕೊಂಡರೆ ಆಗದಾ?

ಆದರೆ ಒಳ್ಳೆಯದು. ಆಗದಿರುವುದೇ ತೊಂದರೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಪಾಸ್‌ವರ್ಡ್, ಗುಪ್ತಕೀಲಿಗಳನ್ನು ಇಡುವ ಪುಟ್ಟ ತಿಜೋರಿ ಅದು. ಜೊತೆಗೆ ಪ್ರೊಸೆಸರ್ ಇಂಟೆಲ್‌ನದ್ದಾದರೆ ಸಾಮಾನ್ಯವಾಗಿ 8ನೇ ತಲೆಮಾರಿನದ್ದೋ ಅದಕ್ಕಿಂತ ಹೊಸದೋ ಇರಬೇಕು. 8ನೇ ತಲೆಮಾರು ಮಾರುಕಟ್ಟೆಗೆ ಬಂದದ್ದು 2017ರಲ್ಲಿ. ಹಾಗಾಗಿ ಅದಕ್ಕೂ ಮುಂಚೆ ಕೊಂಡ ಲ್ಯಾಪ್‌ಟಾಪ್ ಬಹುತೇಕ ಹೊರಗೇ ನಿಲ್ಲುತ್ತದೆ. ನಿಮ್ಮದು ಯಾವುದು ಅಂತ ತಿಳಿಯಲು ಕೀಬೋರ್ಡ್ ಪಕ್ಕದ ಸ್ಟಿಕ್ಕರ್ ನಂಬಬೇಡಿ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಂ, ಅದರ ಕೊನೆಯಲ್ಲಿ ಅಬೌಟ್. ಅಲ್ಲಿ ಪ್ರೊಸೆಸರ್ ಹೆಸರಲ್ಲಿ ಐ3-6006 ಎಂಬಂತೆ ಇದ್ದರೆ ಗೆರೆ ಆದಮೇಲಿನ 6, ಅಂದರೆ 6ನೇ ತಲೆಮಾರು.

ಈ ನಿಯಮ ದಾಟಿ 11 ಹಾಕುವ ಅಡ್ಡದಾರಿಗಳೂ ಯೂಟ್ಯೂಬ್‌ನಲ್ಲಿವೆ. ಹಾಗೆ ಹಾಕಿದ ಯಂತ್ರಕ್ಕೆ ಅಪ್‌ಡೇಟ್ ಕೊಡುತ್ತೇವೆ ಎಂಬ ಭರವಸೆಯನ್ನು ಕಂಪನಿ ಕೊಡುವುದಿಲ್ಲ. ಅಪ್‌ಡೇಟ್ ಇಲ್ಲ ಅಂತಲೇ ತಾನೆ ಈ ಓಡಾಟ ಶುರುವಾದದ್ದು.

ಆಪರೇಟಿಂಗ್ ಸಿಸ್ಟಂ ಎಂದರೆ ಯಾರು

ಮೆಜೆಸ್ಟಿಕ್ ಬಸ್ ನಿಲ್ದಾಣ ನೆನಪಿಸಿಕೊಳ್ಳಿ. ನೂರಾರು ಬಸ್, ಲೆಕ್ಕದ ಪ್ಲಾಟ್‌ಫಾರ್ಮ್. ಯಾವ ಬಸ್ ಎಲ್ಲಿ ನಿಲ್ಲಬೇಕು, ಯಾವುದು ಮೊದಲು ಹೊರಡಬೇಕು ಎಂದು ಹೇಳಲು ಒಬ್ಬ ಕಂಟ್ರೋಲರ್ ಇರುತ್ತಾನೆ. ಅವನು ಬಸ್ ಓಡಿಸುವುದಿಲ್ಲ, ಟಿಕೆಟ್ ಹರಿಯುವುದಿಲ್ಲ. ಆದರೆ ಅವನಿಲ್ಲದಿದ್ದರೆ ಒಂದು ಬಸ್ಸೂ ಅಲ್ಲಾಡದು.

ಕಂಪ್ಯೂಟರ್‌ನಲ್ಲಿ ನಿಲ್ದಾಣ ಎಂದರೆ ಪ್ರೊಸೆಸರ್, ರ‍್ಯಾಮ್, ಡಿಸ್ಕ್, ಪರದೆ. ಬಸ್ಸುಗಳು ಎಂದರೆ ಕ್ರೋಮ್, ಎಕ್ಸೆಲ್, ವಿಎಲ್‌ಸಿ. ನಡುವಿನ ಕಂಟ್ರೋಲರ್ ಆಪರೇಟಿಂಗ್ ಸಿಸ್ಟಂ. ನಿಲ್ದಾಣ ಹಾಗೇ ಇರಲಿ, ಕಂಟ್ರೋಲರ್ ಬದಲಾಗಲಿ ಎಂದರೆ ಅದೇ ಲ್ಯಾಪ್‌ಟಾಪ್, ಬೇರೆ ಆಪರೇಟಿಂಗ್ ಸಿಸ್ಟಂ. ನಾವೀಗ ಮಾಡಹೊರಟಿರುವುದು ಇಷ್ಟೇ.

ಒಂದು ತೊಡಕು: ಒಬ್ಬ ಕಂಟ್ರೋಲರ್‌ನ ಸನ್ನೆಗೆ ಪಳಗಿದ ಬಸ್ಸು ಇನ್ನೊಬ್ಬನ ಮಾತು ಕೇಳುವುದಿಲ್ಲ. ವಿಂಡೋಸ್‌ಗೆಂದು ಬರೆದ ಪ್ರೋಗ್ರಾಂ ಲಿನಕ್ಸ್‌ನಲ್ಲಿ ನೇರವಾಗಿ ಓಡದಿರುವುದು ಇದಕ್ಕೇ. ಒಳ್ಳೆಯದೂ ಕೆಟ್ಟದ್ದೂ ಎರಡೂ ಇಲ್ಲಿಂದಲೇ ಹುಟ್ಟುತ್ತವೆ. ವಿಂಡೋಸ್‌ನ ವೈರಸ್ ಓಡುವುದಿಲ್ಲ, ಫೋಟೋಶಾಪ್ ಕೂಡ ಓಡುವುದಿಲ್ಲ.

ಬೇರೆ ಕಂಟ್ರೋಲರ್‌ಗಳೂ ಇದ್ದಾರೆ. ಆ್ಯಪಲ್‌ನ ಮ್ಯಾಕ್ ಬೇಕೆಂದರೆ ಆ್ಯಪಲ್‌ನ ಲ್ಯಾಪ್‌ಟಾಪನ್ನೇ ಕೊಳ್ಳಬೇಕು. ಗೂಗಲ್‌ನ ಕ್ರೋಮ್ಓಎಸ್ ಫ್ಲೆಕ್ಸ್ ಹಳೆಯ ಯಂತ್ರಕ್ಕೆ ಬಿಟ್ಟಿಯಾಗಿ ಸಿಗುತ್ತದೆ. ಆದರೆ ಅದು ಹೆಚ್ಚುಕಡಿಮೆ ಬರೀ ಬ್ರೌಸರ್. ಉಳಿದದ್ದು ಲಿನಕ್ಸ್.

ಲಿನಕ್ಸ್, ಮತ್ತು ಅದರ ನೂರೆಂಟು ಹೆಸರುಗಳು

1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಲೈನಸ್ ಟೊರ್ವಾಲ್ಡ್ಸ್ ಎಂಬ 21ರ ಹುಡುಗ ಹವ್ಯಾಸಕ್ಕೆಂದು ಬರೆಯಲು ಶುರುಮಾಡಿದ್ದು ಇದು. ಅವನು ಇಟ್ಟುಕೊಂಡಿದ್ದ ಹೆಸರು ಫ್ರೀಕ್ಸ್. ಫೈಲುಗಳನ್ನು ಸರ್ವರ್‌ಗೆ ಏರಿಸಿದ ಗೆಳೆಯ ಆ ಹೆಸರು ಹಿಡಿಸದೆ ಫೋಲ್ಡರ್‌ಗೆ ಲಿನಕ್ಸ್ ಎಂದು ಇಟ್ಟುಬಿಟ್ಟ. ಅದೇ ಉಳಿಯಿತು. ಮುಂದಿನ ವರ್ಷ ಅದನ್ನು ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು ಎಂಬ ಪರವಾನಗಿಯಡಿ ಬಿಡಲಾಯಿತು. ಅದಕ್ಕಾಗಿಯೇ ಇದಕ್ಕೆ ದುಡ್ಡಿಲ್ಲ. ಕದ್ದ ಕಾಪಿ ಅಲ್ಲ, ಟ್ರಯಲ್ ಅಲ್ಲ.

ನೀವು ಲಿನಕ್ಸ್ ಮುಟ್ಟಿಯೇ ಇಲ್ಲ ಅಂದುಕೊಂಡಿದ್ದರೆ ಅದು ನಿಜವಲ್ಲ. ಆಂಡ್ರಾಯ್ಡ್ ಫೋನಿನ ಒಳಗಿರುವ ಕರ್ನೆಲ್ ಲಿನಕ್ಸ್‌ನದ್ದು. ಕರ್ನೆಲ್ ಎಂದರೆ ಆಪರೇಟಿಂಗ್ ಸಿಸ್ಟಂನ ತಿರುಳು. ಜಗತ್ತಿನ ಮೊದಲ 500 ಸೂಪರ್‌ಕಂಪ್ಯೂಟರ್‌ಗಳ ಪಟ್ಟಿಯಲ್ಲಿ 2017ರ ನವೆಂಬರ್‌ನಿಂದ ಈಚೆಗೆ ಇರುವುದೆಲ್ಲ ಲಿನಕ್ಸ್ ಯಂತ್ರಗಳೇ. ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಹಲವು ವರ್ಷಗಳಿಂದ ಕಂಪ್ಯೂಟರ್ ಕಲಿಯುವುದು ಲಿನಕ್ಸ್‌ನಲ್ಲಿ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಇದರಲ್ಲಿ ಸೇರಿದ್ದಾರೆ. ಇದನ್ನು ಕೇಳಿದಾಗ ಅತ್ತಿಗೆಯ ಹುಬ್ಬು ಸ್ವಲ್ಪ ಮೇಲೇರಿತು.

ಹೊಸಬರಿಗೆ ತಲೆ ತಿರುಗುವುದು ಹೆಸರುಗಳಿಂದ. ಉಬುಂಟು, ಮಿಂಟ್, ಫೆಡೋರಾ, ಡೆಬಿಯನ್, ಜೋರಿನ್... ಇವೆಲ್ಲ ಬೇರೆಬೇರೆ ಲಿನಕ್ಸ್‌ಗಳಾ? ಮತ್ತೆ ಬಸ್ಸಿಗೇ ಬರೋಣ. ಒಂದೇ ಚಾಸಿಯ ಮೇಲೆ ಕೆಂಪು ಬಸ್ಸೂ ಕಟ್ಟಬಹುದು, ರಾಜಹಂಸವೂ ಕಟ್ಟಬಹುದು. ಸೀಟು ಬೇರೆ, ಬಣ್ಣ ಬೇರೆ, ಇಂಜಿನ್ ಒಂದೇ. ಹೀಗೆ ಲಿನಕ್ಸ್ ಕರ್ನೆಲ್ ಮೇಲೆ ಬಾಡಿ ಕಟ್ಟಿ ಕೊಟ್ಟದ್ದನ್ನು ಡಿಸ್ಟ್ರಿಬ್ಯೂಷನ್, ಚಿಕ್ಕದಾಗಿ ಡಿಸ್ಟ್ರೋ ಅನ್ನುತ್ತಾರೆ.

ಯಾವುದನ್ನು ಆರಿಸುವುದು? ವಿಂಡೋಸ್‌ನಿಂದ ಬರುವವರಿಗೆ ನಾನು ಹೇಳುವುದು ಲಿನಕ್ಸ್ ಮಿಂಟ್. ಕೆಳಗೆ ಪಟ್ಟಿ, ಎಡ ಮೂಲೆಯಲ್ಲಿ ಮೆನು, ಬಲ ಮೂಲೆಯಲ್ಲಿ ಗಡಿಯಾರ. ಕೈಗೆ ಹೊಸದಾಗಿ ಕಲಿಸುವುದು ಕಡಿಮೆ. ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಬರುತ್ತದೆ. ಅದರಲ್ಲೂ ಮೂರು ಬಗೆ ಇವೆ. 8 ಜಿಬಿ ರ‍್ಯಾಮ್ ಇದ್ದರೆ ಸಿನಮನ್, 4 ಜಿಬಿ ಇದ್ದರೆ ಹಗುರವಾದ ಎಕ್ಸ್‌ಎಫ್‌ಸಿಇ. ಮೂರನೆಯದರ ಚಿಂತೆ ಬೇಡ. ಯಾವುದು ಶ್ರೇಷ್ಠ ಎಂದು ಲಿನಕ್ಸ್‌ನವರನ್ನು ಕೇಳಿದಿರೋ, ಬಿಡಿ, ಸಂಜೆಯಾದರೂ ಜಗಳ ಮುಗಿಯದು.

ಮೊದಲು ನಿಮ್ಮ ಕೆಲಸದ ಪಟ್ಟಿ ಬರೆಯಿರಿ

ಲಿನಕ್ಸ್ ಒಳ್ಳೆಯದಾ ಎಂದು ಕೇಳುವುದಕ್ಕಿಂತ ನನ್ನ ಕೆಲಸ ಅದರಲ್ಲಿ ಆಗುತ್ತಾ ಎಂದು ಕೇಳುವುದು ಸರಿ. ಅತ್ತಿಗೆಗೆ ಒಂದು ಹಾಳೆ ಕೊಟ್ಟು, ಒಂದು ವಾರದಲ್ಲಿ ಲ್ಯಾಪ್‌ಟಾಪ್‌ನಲ್ಲಿ ಮಾಡುವುದನ್ನೆಲ್ಲ ಬರೆಯಿರಿ ಅಂದೆ. ಹದಿನಾಲ್ಕು ಸಾಲು ಬಂತು. ಅದರಲ್ಲಿ ಒಂಬತ್ತು ಬರೀ ಬ್ರೌಸರ್‌ನ ಕೆಲಸ. ಜಿಮೇಲ್, ವಾಟ್ಸಾಪ್ ವೆಬ್, ಬ್ಯಾಂಕ್, ಇಲಾಖೆಯ ವೆಬ್‌ಸೈಟ್, ಯೂಟ್ಯೂಬ್, ರೈಲು ಟಿಕೆಟ್... ಇವುಗಳಿಗೆ ಕೆಳಗೆ ಯಾವ ಕಂಟ್ರೋಲರ್ ಇದ್ದಾನೆ ಎಂಬುದೇ ಬೇಡ. ಕ್ರೋಮ್, ಫೈರ್‌ಫಾಕ್ಸ್ ಎರಡೂ ಲಿನಕ್ಸ್‌ನಲ್ಲಿ ಇವೆ. ವಿಎಲ್‌ಸಿ, ಝೂಮ್ ಕೂಡ ಇವೆ.

ವರ್ಡ್, ಎಕ್ಸೆಲ್, ಪವರ್‌ಪಾಯಿಂಟ್ ಬದಲು ಲಿಬ್ರೆಆಫೀಸ್ ಬರುತ್ತದೆ, ಮಿಂಟ್‌ನಲ್ಲಿ ಅದು ಮೊದಲೇ ಇರುತ್ತದೆ. ಮೈಕ್ರೋಸಾಫ್ಟ್‌ನ ಫೈಲುಗಳನ್ನು ತೆರೆಯುತ್ತದೆ, ಅದೇ ರೂಪದಲ್ಲಿ ಉಳಿಸುತ್ತದೆ. ಅಂಕಪಟ್ಟಿ, ಪತ್ರ, ಸಾಮಾನ್ಯ ಲೆಕ್ಕಕ್ಕೆ ಸಾಕು. ಆದರೆ ಪೆಟ್ಟಿಗೆ ಮೇಲೆ ಪೆಟ್ಟಿಗೆ ಜೋಡಿಸಿದ ವರ್ಡ್ ಫೈಲಿನಲ್ಲಿ ಸಾಲುಗಳು ಆಚೀಚೆ ಸರಿಯುತ್ತವೆ. ಎಕ್ಸೆಲ್ ಮ್ಯಾಕ್ರೋಗಳು, ಅಂದರೆ ಹಲವು ಹೆಜ್ಜೆಗಳನ್ನು ತಾನಾಗಿ ಮಾಡಿಸುವ ಸಣ್ಣ ಆಜ್ಞೆಗಳು, ಕೈಕೊಡಬಹುದು. ದಿನವಿಡೀ ಎಕ್ಸೆಲ್‌ನಲ್ಲೇ ಇರುವ ಅಕೌಂಟೆಂಟ್‌ಗೆ ನಾನು ಇದನ್ನು ಹೇಳುವುದಿಲ್ಲ.

ಈಗ ಆಗದಿರುವ ಪಟ್ಟಿ. ಫೋಟೋಶಾಪ್, ಕೋರೆಲ್‌ಡ್ರಾ, ಆಟೋಕ್ಯಾಡ್ ಇವಕ್ಕೆ ಲಿನಕ್ಸ್ ಆವೃತ್ತಿ ಇಲ್ಲ. ಟ್ಯಾಲಿ ಕೂಡ ವಿಂಡೋಸ್‌ಗೇ ಬರೆದದ್ದು. ವೈನ್ ಎಂಬ ನಡುವಿನ ದುಭಾಷಿ ಇಟ್ಟುಕೊಂಡು ಕೆಲವು ವಿಂಡೋಸ್ ಪ್ರೋಗ್ರಾಂಗಳನ್ನು ಓಡಿಸಬಹುದು, ಆದರೆ ಹೊಟ್ಟೆಪಾಡಿನ ಕೆಲಸವನ್ನು ಅದರ ಮೇಲೆ ನಿಲ್ಲಿಸಬೇಡಿ. ಟೆಂಡರ್, ತೆರಿಗೆ ಕೆಲಸಕ್ಕೆ ಯುಎಸ್‌ಬಿ ಟೋಕನ್‌ನಲ್ಲಿ ಡಿಜಿಟಲ್ ಸಹಿ ಬಳಸುವವರು ಮೊದಲು ಅದನ್ನು ಪರೀಕ್ಷಿಸಿ ನೋಡಲೇಬೇಕು. ಆಟದ ವಿಷಯದಲ್ಲಿ ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯ ಬಹಳಷ್ಟು ಆಟಗಳು ಓಡುತ್ತವೆ. ವ್ಯಾಲರಂಟ್ ಓಡುವುದಿಲ್ಲ. ಮನೆಯಲ್ಲಿ ಹರೆಯದ ಹುಡುಗ ಇದ್ದರೆ ಇದನ್ನು ಮೊದಲೇ ಹೇಳಿಬಿಡಿ.

ಪ್ರಿಂಟರ್‌ಗೆ ಒಂದು ಮಾತು. ಹೊಸ ವೈ-ಫೈ ಪ್ರಿಂಟರ್‌ಗಳು ಸಾಮಾನ್ಯವಾಗಿ ತಾವಾಗಿಯೇ ಕಾಣಿಸಿಕೊಳ್ಳುತ್ತವೆ. ಜೆರಾಕ್ಸ್ ಅಂಗಡಿಗಳಲ್ಲಿ ಕಾಣುವ ಹಳೆಯ ಕೆಲವು ಲೇಸರ್ ಪ್ರಿಂಟರ್‌ಗಳು ಮಾತ್ರ ಲಿನಕ್ಸ್ ಕಂಡರೆ ಮುಖ ತಿರುಗಿಸುತ್ತವೆ.

ನುಡಿ, ಬರಹ ಏನಾಗುತ್ತವೆ?

ಅತ್ತಿಗೆಯ ಹಾಳೆಯಲ್ಲಿ ಐದನೆಯ ಸಾಲು "ನುಡಿಯಲ್ಲಿ ಪ್ರಶ್ನೆಪತ್ರಿಕೆ". ಇಂಗ್ಲಿಷ್‌ನ ಯಾವ ಲಿನಕ್ಸ್ ಮಾರ್ಗದರ್ಶಿಯಲ್ಲೂ ಇದಕ್ಕೆ ಉತ್ತರ ಸಿಗದು, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

ನುಡಿ ಎಂದಾಗ ನಾವು ಮೂರು ಬೇರೆ ವಸ್ತುಗಳನ್ನು ಒಂದೇ ಹೆಸರಲ್ಲಿ ಕರೆಯುತ್ತಿರುತ್ತೇವೆ. ಒಂದು, ಕೀಲಿಮಣೆಯ ವಿನ್ಯಾಸ: ಯಾವ ಕೀಲಿ ಒತ್ತಿದರೆ ಯಾವ ಅಕ್ಷರ ಎಂಬುದು. ಎರಡು, ಆ ಒತ್ತನ್ನು ಅಕ್ಷರವಾಗಿಸುವ ತಂತ್ರಾಂಶ. ಮೂರು, ಅಕ್ಷರದ ಆಕಾರ ತೋರಿಸುವ ಫಾಂಟ್. ಲಿನಕ್ಸ್‌ನಲ್ಲಿ ಇಲ್ಲದಿರುವುದು ಎರಡನೆಯದು ಮಾತ್ರ. ನುಡಿ, ಬರಹ ಎರಡೂ ವಿಂಡೋಸ್‌ನ ತಂತ್ರಾಂಶಗಳು.

ಕೀಲಿಮಣೆ ಹಾಗಲ್ಲ. ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸವನ್ನೇ ಕನ್ನಡ ಗಣಕ ಪರಿಷತ್ತಿನ ನುಡಿ ಬಳಸಿತು. ಅದೇ ವಿನ್ಯಾಸ ಲಿನಕ್ಸ್‌ನಲ್ಲಿ ಕೆಜಿಪಿ ಎಂಬ ಹೆಸರಲ್ಲಿ ಸಿಗುತ್ತದೆ. ಐಬಸ್ ಎಂಬ ಟೈಪಿಂಗ್ ಸಹಾಯಕ, ಅದಕ್ಕೆ ಎಂ17ಎನ್ ಎಂಬ ಭಾಷೆಗಳ ಕಂತೆ, ಎರಡನ್ನೂ ಇನ್‌ಸ್ಟಾಲ್ ಮಾಡಿ ಪಟ್ಟಿಯಲ್ಲಿ ಕನ್ನಡ ಕೆಜಿಪಿ ಸೇರಿಸಿದರೆ ಮುಗಿಯಿತು. ಒತ್ತಕ್ಷರಕ್ಕೆ ನಡುವೆ ಎಫ್ ಒತ್ತುವ ಅಭ್ಯಾಸವೂ ಹಾಗೇ ನಡೆಯುತ್ತದೆ. ಬರಹದಂತೆ ಇಂಗ್ಲಿಷ್ ಅಕ್ಷರಗಳಲ್ಲಿ ಉಚ್ಚಾರ ಬರೆದು ಕನ್ನಡ ಪಡೆಯುವವರಿಗೆ ಐಟ್ರಾನ್ಸ್ ಇದೆ. ಪೂರ್ತಿ ಬರಹದಂತಿಲ್ಲ, ಎರಡು ದಿನ ತಡವರಿಸುತ್ತೀರಿ. ಫಾಂಟಿಗೆ ಬರ ಇಲ್ಲ: ಲೋಹಿತ್, ನೋಟೋ, ಜೊತೆಗೆ ಗುಬ್ಬಿ, ನವಿಲು ಎಂಬ ಚಂದದ ಹೆಸರಿನ ಎರಡು.

ಕಷ್ಟ ಇರುವುದು ಹಳೆಯ ಫೈಲುಗಳಲ್ಲಿ. ಹಳೆಯ ನುಡಿಯಲ್ಲಿ ಬರೆದ ಫೈಲಿನ ಒಳಗೆ ಇರುವುದು ನಿಜಕ್ಕೂ ಕನ್ನಡ ಅಲ್ಲ. ಅಲ್ಲಿರುವುದು ಇಂಗ್ಲಿಷ್ ಅಕ್ಷರಗಳು, ಅವುಗಳ ಮೇಲೆ ನುಡಿ ಫಾಂಟ್ ಕನ್ನಡದ ವೇಷ ತೊಡಿಸಿರುತ್ತದೆ. ಫಾಂಟ್ ತೆಗೆದರೆ ವೇಷ ಕಳಚಿ, ತಲೆ ಮೇಲೆ ಕೊಂಬು ಬಂದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ನೀವೂ ಎಂದಾದರೂ ನೋಡಿರುತ್ತೀರಿ, ಅಲ್ವಾ? ಯುನಿಕೋಡ್ ಎಂಬ ಹೊಸ ಪದ್ಧತಿಯಲ್ಲಿ ಹಾಗಿಲ್ಲ, 'ಕ' ಎಂಬುದಕ್ಕೆ ಜಗತ್ತಿನಲ್ಲೆಲ್ಲ ಒಂದೇ ಸಂಖ್ಯೆ. ವಾಟ್ಸಾಪ್‌ನಲ್ಲಿ ನಾವು ಬರೆಯುವುದು ಯುನಿಕೋಡ್.

ಪರಿಹಾರ ಎರಡು. ವಿಂಡೋಸ್‌ನ ಫಾಂಟ್ಸ್ ಫೋಲ್ಡರ್‌ನಿಂದ ನುಡಿ ಫಾಂಟುಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಲಿನಕ್ಸ್‌ನಲ್ಲಿ ಹಾಕಿದರೆ ಹಳೆಯ ಫೈಲುಗಳು ಸಾಮಾನ್ಯವಾಗಿ ಓದಲು, ಪ್ರಿಂಟ್ ಮಾಡಲು ಬರುತ್ತವೆ. ತಿದ್ದಬೇಕೆಂದರೆ ನುಡಿಯಿಂದ ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಅಂತರ್ಜಾಲದಲ್ಲಿ ಬಿಟ್ಟಿಯಾಗಿವೆ. ಬದಲಿಸಿದ ಮೇಲೆ ಒಮ್ಮೆ ಕಣ್ಣಾಡಿಸಿ, ಅರ್ಕಾವತ್ತು ಇರುವಲ್ಲಿ ತಪ್ಪು ನುಸುಳುವುದುಂಟು. ನಾನೂ ಅತ್ತಿಗೆಯೂ ಅವರ ಎಂಟು ವರ್ಷದ ಪ್ರಶ್ನೆಪತ್ರಿಕೆ ಬದಲಿಸಿ ಕೂತಾಗ ರಾತ್ರಿ ಹನ್ನೊಂದೂವರೆ.

ಪೇಜ್‌ಮೇಕರ್ ಇಟ್ಟುಕೊಂಡು ಮದುವೆ ಕಾರ್ಡ್ ಮಾಡುವ ಡಿಟಿಪಿ ಅಂಗಡಿಯವರಿಗೆ ಮಾತ್ರ ನನ್ನ ಸಲಹೆ ಬೇರೆ: ಆ ಒಂದು ಯಂತ್ರ ವಿಂಡೋಸ್‌ನಲ್ಲೇ ಇರಲಿ, ಅದಕ್ಕೆ ಇಂಟರ್ನೆಟ್ ಕೊಡಬೇಡಿ.

ಹಾಕುವ ಮೊದಲು ಪೆನ್‌ಡ್ರೈವ್‌ನಿಂದ ಓಡಿಸಿ ನೋಡಿ

ಸೀರೆ ಕೊಳ್ಳುವಾಗ ಹೆಗಲ ಮೇಲೆ ಹಾಕಿ ಕನ್ನಡಿ ನೋಡುವುದಿಲ್ಲವೇ, ಹಾಗೆ. ಲಿನಕ್ಸ್ ಅನ್ನು ಲ್ಯಾಪ್‌ಟಾಪ್‌ನ ಡಿಸ್ಕಿಗೆ ಹಾಕದೆಯೇ ಪೆನ್‌ಡ್ರೈವ್‌ನಿಂದ ನೇರ ಓಡಿಸಬಹುದು. ಇದಕ್ಕೆ ಲೈವ್ ಯುಎಸ್‌ಬಿ ಎನ್ನುತ್ತಾರೆ. ಡಿಸ್ಕಿನಲ್ಲಿರುವ ವಿಂಡೋಸ್ ಇದ್ದ ಹಾಗೇ ಇರುತ್ತದೆ.

8 ಜಿಬಿಯ ಒಂದು ಪೆನ್‌ಡ್ರೈವ್ ತೆಗೆದುಕೊಳ್ಳಿ. ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಹಾಗಾಗಿ ಖಾಲಿ ಇರುವುದು ಮೇಲು. ಮಿಂಟ್‌ನ ಸ್ವಂತ ವೆಬ್‌ಸೈಟಿನಿಂದ ಐಎಸ್ಓ ಫೈಲ್, ಅಂದರೆ ಇಡೀ ಮಿಂಟ್ ಒಂದೇ ಕಂತೆಯಾಗಿರುವ ಫೈಲ್, ಇಳಿಸಿಕೊಳ್ಳಿ, ಸುಮಾರು 3 ಜಿಬಿ. ಸುಮ್ನೆ ನಕಲು ಮಾಡಿ ಪೆನ್‌ಡ್ರೈವ್‌ಗೆ ಹಾಕಿದರೆ ಆಗದು. ರೂಫಸ್ ಅಥವಾ ಎಚರ್ ಎಂಬ ಪುಟ್ಟ ತಂತ್ರಾಂಶದಿಂದ ಬರೆಯಬೇಕು. ಆಮೇಲೆ ಲ್ಯಾಪ್‌ಟಾಪ್ ಆಫ್ ಮಾಡಿ, ಪೆನ್‌ಡ್ರೈವ್ ಸಿಕ್ಕಿಸಿ, ಆನ್ ಮಾಡುತ್ತಲೇ ಬೂಟ್ ಮೆನು ಕೀಲಿ ಒತ್ತುತ್ತಿರಿ. ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಆಸುಸ್‌ನಲ್ಲಿ ಎಸ್ಕೇಪ್. ಬರುವ ಪಟ್ಟಿಯಲ್ಲಿ ಪೆನ್‌ಡ್ರೈವ್ ಆರಿಸಿ.

ಒಂದೆರಡು ನಿಮಿಷದಲ್ಲಿ ಮಿಂಟ್‌ನ ಪರದೆ ಬರುತ್ತದೆ. ಇಲ್ಲಿ ಅವಸರ ಬೇಡ, ಅರ್ಧ ದಿನ ಕೊಡಿ. ವೈ-ಫೈ ಹಿಡಿಯುತ್ತಾ? ಸದ್ದು ಬರುತ್ತಾ? ಕ್ಯಾಮೆರಾ, ಬ್ಲೂಟೂತ್, ಬ್ರೈಟ್‌ನೆಸ್ ಕೀಲಿ ಕೆಲಸ ಮಾಡುತ್ತವಾ? ಮುಚ್ಚಳ ಮುಚ್ಚಿ ತೆಗೆದರೆ ಎಚ್ಚರವಾಗುತ್ತಾ? ನಿಮ್ಮ ಪ್ರಿಂಟರ್‌ನಲ್ಲಿ ಒಂದು ಹಾಳೆ ಬರುತ್ತಾ? ವೈ-ಫೈ ಹಿಡಿಯದಿದ್ದರೆ ಹೆದರಬೇಡಿ. ಫೋನನ್ನು ಕೇಬಲ್‌ನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ನೆಟ್ ಬರುತ್ತದೆ. ಆಮೇಲೆ ಡ್ರೈವರ್ ಮ್ಯಾನೇಜರ್ ತೆರೆದರೆ ಬೇಕಾದ ಡ್ರೈವರ್ ಅಲ್ಲೇ ಸಿಗುವುದುಂಟು. ಡ್ರೈವರ್ ಎಂದರೆ ಒಂದು ಬಿಡಿಭಾಗದ ಭಾಷೆಯನ್ನು ಕಂಟ್ರೋಲರ್‌ಗೆ ತಿಳಿಸುವ ಸಣ್ಣ ತಂತ್ರಾಂಶ.

ಪೆನ್‌ಡ್ರೈವ್‌ನಿಂದ ಓಡುವಾಗ ಎಲ್ಲ ನಿಧಾನ. ಅದನ್ನು ನೋಡಿ ಲಿನಕ್ಸ್ ನಿಧಾನ ಅಂತ ತೀರ್ಮಾನಿಸಬೇಡಿ.

ಇನ್‌ಸ್ಟಾಲ್: ಎರಡು ದಾರಿ

ಮೊದಲನೆಯದು, ವಿಂಡೋಸ್ ಪೂರ್ತಿ ಅಳಿಸಿ ಲಿನಕ್ಸ್ ಹಾಕುವುದು. ಎರಡನೆಯದು, ಎರಡನ್ನೂ ಇಟ್ಟುಕೊಂಡು ಆನ್ ಮಾಡುವಾಗ ಯಾವುದು ಬೇಕೋ ಆರಿಸುವುದು. ಇದಕ್ಕೆ ಡ್ಯುಯಲ್ ಬೂಟ್ ಎಂದು ಹೆಸರು. ಒಂದೇ ಸೈಟನ್ನು ಗೋಡೆ ಹಾಕಿ ಇಬ್ಬರಿಗೆ ಹಂಚಿದಂತೆ.

ಯಾವ ದಾರಿ ಆದರೂ ಮೊದಲು ಬ್ಯಾಕಪ್. ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ಕಾಲೇಜಿನಲ್ಲಿದ್ದಾಗ, ರಾತ್ರಿ ಒಂದು ಗಂಟೆಗೆ, "ಡಿಸ್ಕ್ ಅಳಿಸಿ ಇನ್‌ಸ್ಟಾಲ್ ಮಾಡು" ಎಂಬ ಸಾಲನ್ನು ಅರ್ಧ ಓದಿ ಸರಿ ಅಂದವನು ನಾನು. ಸಿ ಡ್ರೈವ್ ಮಾತ್ರ ಹೋಗುತ್ತದೆ, ಡಿ ಡ್ರೈವ್ ಉಳಿಯುತ್ತದೆ ಅಂದುಕೊಂಡಿದ್ದೆ. ಎರಡೂ ಒಂದೇ ಡಿಸ್ಕಿನ ಎರಡು ತುಂಡು ಎಂಬುದು ಅಕ್ಕನ ಮದುವೆಯ ಫೋಟೋ ಹೋದಮೇಲೆ ಗೊತ್ತಾಯಿತು. ಅಕ್ಕ ಇನ್ನೂ ಮರೆತಿಲ್ಲ. ಆದ್ದರಿಂದ ಫೋಟೋ, ಡಾಕ್ಯುಮೆಂಟ್, ಡೌನ್‌ಲೋಡ್, ಡೆಸ್ಕ್‌ಟಾಪ್ ಮೇಲೆ ಹರಡಿದ್ದು, ಬ್ರೌಸರ್‌ನ ಬುಕ್‌ಮಾರ್ಕ್, ನುಡಿ ಫಾಂಟ್ ಎಲ್ಲವನ್ನೂ ಹೊರಗಿನ ಹಾರ್ಡ್ ಡಿಸ್ಕಿಗೆ ಹಾಕಿ, ಇನ್ನೊಂದು ಕಂಪ್ಯೂಟರ್‌ನಲ್ಲಿ ತೆರೆದು ನೋಡಿ. ನಕಲಾಗಿದೆ ಎಂಬ ನಂಬಿಕೆ ಸಾಲದು.

ಡ್ಯುಯಲ್ ಬೂಟ್ ಮಾಡುವವರು ಇನ್ನೆರಡು ನೋಡಬೇಕು. ಒಂದು ಬಿಟ್‌ಲಾಕರ್, ಅಂದರೆ ಡಿಸ್ಕಿನಲ್ಲಿರುವುದನ್ನೆಲ್ಲ ಗುಪ್ತಲಿಪಿಯಾಗಿಸುವ ವಿಂಡೋಸ್ ಸೌಲಭ್ಯ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ನಮಗೆ ಗೊತ್ತಿಲ್ಲದೆಯೇ ಅದು ಆನ್ ಆಗಿರುತ್ತದೆ. ಬೂಟ್ ಸೆಟ್ಟಿಂಗ್ ಮುಟ್ಟಿದರೆ 48 ಅಂಕಿಯ ರಿಕವರಿ ಕೀ ಕೇಳಿ ಕೂರುತ್ತದೆ. ಅದನ್ನು ಮೈಕ್ರೋಸಾಫ್ಟ್ ಖಾತೆಯಿಂದ ಮೊದಲೇ ಬರೆದಿಟ್ಟುಕೊಳ್ಳಿ, ಇಲ್ಲವೇ ಬಿಟ್‌ಲಾಕರ್ ಆಫ್ ಮಾಡಿ. ಇನ್ನೊಂದು ಫಾಸ್ಟ್ ಸ್ಟಾರ್ಟಪ್. ಇದು ಇದ್ದರೆ ವಿಂಡೋಸ್ ಪೂರ್ತಿ ಆಫ್ ಆಗದೆ ಅರೆನಿದ್ದೆಯಲ್ಲಿರುತ್ತದೆ. ಲಿನಕ್ಸ್‌ನಿಂದ ಅದರ ಫೈಲುಗಳನ್ನು ತಿದ್ದಲು ಬಿಡುವುದಿಲ್ಲ. ಕಂಟ್ರೋಲ್ ಪ್ಯಾನಲ್‌ನ ಪವರ್ ಆಯ್ಕೆಗಳಲ್ಲಿ ಆಫ್ ಮಾಡಿ.

ಇಷ್ಟಾದ ಮೇಲೆ ಇನ್‌ಸ್ಟಾಲ್ ಸುಲಭ. ಭಾಷೆ, ಊರು, ಹೆಸರು, ಪಾಸ್‌ವರ್ಡ್ ಕೇಳುತ್ತದೆ. ಹೆಚ್ಚೆಂದರೆ ಅರ್ಧ ಗಂಟೆಯ ಕೆಲಸ.

ಅಂದಹಾಗೆ, ಲ್ಯಾಪ್‌ಟಾಪ್ ಬಿಚ್ಚುವ ಅವಕಾಶ ಇದ್ದರೆ ಹಳೆಯ ಹಾರ್ಡ್ ಡಿಸ್ಕ್ ತೆಗೆದು ಎಸ್ಎಸ್‌ಡಿ ಹಾಕಿಸಿ. ಹಾರ್ಡ್ ಡಿಸ್ಕಿನಲ್ಲಿ ಗ್ರಾಮಫೋನ್ ತಟ್ಟೆಯಂತೆ ತಿರುಗುವ ಭಾಗ ಇರುತ್ತದೆ, ಎಸ್ಎಸ್‌ಡಿಯಲ್ಲಿ ತಿರುಗುವುದೇನೂ ಇಲ್ಲ. ವೇಗದಲ್ಲಿ ಆಗುವ ವ್ಯತ್ಯಾಸದ ದೊಡ್ಡ ಪಾಲು ಲಿನಕ್ಸ್‌ನಿಂದಲ್ಲ, ಇದರಿಂದ. ಲಿನಕ್ಸ್ ಅಭಿಮಾನಿಗಳು ಇದನ್ನು ಹೇಳುವುದು ಕಡಿಮೆ. ಅತ್ತಿಗೆಯ ಲ್ಯಾಪ್‌ಟಾಪ್‌ಗೆ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಒಂದು ಎಸ್ಎಸ್‌ಡಿ ತಂದು ಹಾಕಿದೆವು. ಹಳೆಯ ಹಾರ್ಡ್ ಡಿಸ್ಕನ್ನು ವಿಂಡೋಸ್ ಸಮೇತ ಹಾಗೇ ಬೀರುವಿನಲ್ಲಿ ಇಟ್ಟಿದ್ದಾರೆ. ಇದಕ್ಕಿಂತ ಭದ್ರವಾದ ಬ್ಯಾಕಪ್ ನನಗೆ ಗೊತ್ತಿಲ್ಲ.

ಮೊದಲ ವಾರ ಎಡವುವ ಕಡೆಗಳು

ಸಿ ಡ್ರೈವ್, ಡಿ ಡ್ರೈವ್ ಇರುವುದಿಲ್ಲ. ನಿಮ್ಮ ಫೈಲುಗಳೆಲ್ಲ ಹೋಮ್ ಎಂಬ ಫೋಲ್ಡರ್‌ನಲ್ಲಿ. ಫೈಲಿನ ಹೆಸರಲ್ಲಿ ಇಂಗ್ಲಿಷ್ ದೊಡ್ಡಕ್ಷರ, ಸಣ್ಣಕ್ಷರ ಬೇರೆಬೇರೆ ಎಂದು ಲಿನಕ್ಸ್ ಎಣಿಸುತ್ತದೆ.

ತಂತ್ರಾಂಶ ಬೇಕೆಂದರೆ ಗೂಗಲ್‌ನಲ್ಲಿ ಹುಡುಕಿ ಸಿಕ್ಕಸಿಕ್ಕಲ್ಲಿ ಡೌನ್‌ಲೋಡ್ ಮಾಡುವ ರೂಢಿ ಬಿಡಬೇಕು. ಫೋನಿನ ಪ್ಲೇ ಸ್ಟೋರ್‌ನಂತೆ ಇಲ್ಲಿ ಸಾಫ್ಟ್‌ವೇರ್ ಮ್ಯಾನೇಜರ್ ಇದೆ. ಹಾಕುವಾಗ ಪಾಸ್‌ವರ್ಡ್ ಕೇಳುತ್ತದೆ. ಪದೇಪದೇ ಯಾಕೆ ಕೇಳುತ್ತೆ ಎಂದು ಅತ್ತಿಗೆಗೆ ಸಿಟ್ಟು. ಯಂತ್ರದ ಒಳಭಾಗವನ್ನು ನಿಮಗೆ ಗೊತ್ತಿಲ್ಲದೆ ಯಾವ ಪ್ರೋಗ್ರಾಮೂ ಮುಟ್ಟಬಾರದು ಎಂದು ಕೇಳುವುದು ಅದು. ಟೈಪ್ ಮಾಡುವಾಗ ಕೆಲವೆಡೆ ಚುಕ್ಕೆಯೂ ಕಾಣಿಸುವುದಿಲ್ಲ. ಕೀಬೋರ್ಡ್ ಕೆಟ್ಟಿತು ಅಂದುಕೊಳ್ಳಬೇಡಿ, ಟೈಪ್ ಮಾಡಿ ಎಂಟರ್ ಒತ್ತಿ.

ಆ ಕಪ್ಪು ಪರದೆ, ಅಂದರೆ ಟರ್ಮಿನಲ್, ಅದನ್ನು ಕಲಿಯಲೇಬೇಕಾ? ದಿನನಿತ್ಯದ ಕೆಲಸಕ್ಕೆ ಬೇಡ. ಏನಾದರೂ ಕೆಟ್ಟಾಗ ಅಂತರ್ಜಾಲದಲ್ಲಿ ಸಿಗುವ ಪರಿಹಾರ ಮಾತ್ರ ಹೆಚ್ಚಾಗಿ ಟರ್ಮಿನಲ್‌ನ ಆಜ್ಞೆಯ ರೂಪದಲ್ಲಿ ಇರುತ್ತದೆ. ಅರ್ಥವಾಗದ ಆಜ್ಞೆಯನ್ನು ಅಂಟಿಸಿ ಎಂಟರ್ ಹೊಡೆಯಬೇಡಿ.

ಡ್ಯುಯಲ್ ಬೂಟ್ ಮಾಡಿದವರಿಗೆ ವಿಂಡೋಸ್‌ಗೆ ಹೋದಾಗ ಗಡಿಯಾರ ಐದೂವರೆ ಗಂಟೆ ಹಿಂದೆ ತೋರಿಸಿದರೆ ಗಾಬರಿಯಾಗಬಹುದು. ಯಂತ್ರದೊಳಗಿನ ಗಡಿಯಾರವನ್ನು ಲಿನಕ್ಸ್ ಜಾಗತಿಕ ಸಮಯದಲ್ಲಿ ಇಡುತ್ತದೆ, ವಿಂಡೋಸ್ ಅದನ್ನೇ ಸ್ಥಳೀಯ ಸಮಯ ಎಂದು ಓದುತ್ತದೆ. ನಮ್ಮ ದೇಶದ ಸಮಯ ಜಾಗತಿಕ ಸಮಯಕ್ಕಿಂತ ಐದೂವರೆ ಗಂಟೆ ಮುಂದೆ. ಲೆಕ್ಕ ಸರಿಯಾಯ್ತಲ್ಲ? ಒಂದು ಸೆಟ್ಟಿಂಗ್ ಬದಲಿಸಿದರೆ ಸರಿಹೋಗುತ್ತದೆ.

ವೈರಸ್ ಕಾಟ ಕಡಿಮೆ ಎಂದು ಎಲ್ಲ ಮೋಸದಿಂದಲೂ ಪಾರಾದೆ ಅನ್ನುವಂತಿಲ್ಲ. ಕೆವೈಸಿ ಅಪ್‌ಡೇಟ್ ಮಾಡಿ ಎಂದು ಬರುವ ಸುಳ್ಳು ಲಿಂಕಿಗೆ ಓಟಿಪಿ ಕೊಟ್ಟರೆ ಯಾವ ಆಪರೇಟಿಂಗ್ ಸಿಸ್ಟಂ ಇದ್ದರೂ ದುಡ್ಡು ಹೋಗುತ್ತದೆ.

ವಾಪಸ್ ಬರಬಹುದಾ?

ಬರಬಹುದು. ಅಸಲಿ ವಿಂಡೋಸ್ 10 ಇದ್ದ ಲ್ಯಾಪ್‌ಟಾಪ್‌ನಲ್ಲಿ ಅದರ ಪರವಾನಗಿ ಸಾಮಾನ್ಯವಾಗಿ ಮದರ್‌ಬೋರ್ಡ್‌ಗೆ ಅಂಟಿಕೊಂಡಿರುತ್ತದೆ. ಅದೇ ಆವೃತ್ತಿಯನ್ನು ಮತ್ತೆ ಹಾಕಿ ನೆಟ್‌ಗೆ ಜೋಡಿಸಿದರೆ ತಾನಾಗಿ ಸಕ್ರಿಯವಾಗುತ್ತದೆ, ಹೊಸದಾಗಿ ಕೊಳ್ಳಬೇಕಿಲ್ಲ. ಆದರೆ ವಿಂಡೋಸ್ ಹಾಕುವ ಪೆನ್‌ಡ್ರೈವನ್ನು ವಿಂಡೋಸ್ ಇರುವಾಗಲೇ ಮಾಡಿಟ್ಟುಕೊಳ್ಳುವುದು ಜಾಣತನ. ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್ ಅದನ್ನು ಮಾಡಿಕೊಡುತ್ತದೆ, ಮತ್ತು ಆ ಟೂಲ್ ಲಿನಕ್ಸ್‌ನಲ್ಲಿ ಓಡುವುದಿಲ್ಲ.

ಅತ್ತಿಗೆಯ ಲ್ಯಾಪ್‌ಟಾಪ್ ಈಗ ಆನ್ ಮಾಡಿ ಲೋಟಕ್ಕೆ ಕಾಫಿ ಬಗ್ಗಿಸುವಷ್ಟರಲ್ಲಿ ಸಿದ್ಧ. ಶಾಲೆಯ ಹಳೆಯ ಲೇಸರ್ ಪ್ರಿಂಟರ್ ಮಾತ್ರ ಇವತ್ತಿಗೂ ಅದರ ಮಾತು ಕೇಳಿಲ್ಲ. ಪ್ರಶ್ನೆಪತ್ರಿಕೆಯನ್ನು ಪಿಡಿಎಫ್ ಮಾಡಿ ಶಾಲೆಯ ಗುಮಾಸ್ತರಿಗೆ ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ, ಅವರು ತಮ್ಮ ಕಂಪ್ಯೂಟರ್‌ನಿಂದ ಪ್ರಿಂಟ್ ತೆಗೆದು ಕೊಡುತ್ತಾರೆ. ಗುಮಾಸ್ತರ ಕಂಪ್ಯೂಟರ್‌ನಲ್ಲಿ ಇರುವುದು ವಿಂಡೋಸ್ 7.